ಚೀಲಕ್ಕೆ ಬೆಲೆ ಕಟ್ಟಿದರೆ ಜನ ಏನೆನ್ನುತ್ತಾರೆ?

ಮೊನ್ನೆ ನಮ್ಮೂರಿನ ದೊಡ್ಡ ಅಂಗಡಿಯೊಂದರಲ್ಲಿ ತಿಂಗಳ ದಿನಸಿ ಕೊಂಡು ಬಿಲ್ಲಿಗಾಗಿ ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದಿದ್ದವರ ಬಿಲ್ಲು ಎರಡು ಸಾವಿರ ರೂಪಾಯಿ ದಾಟಿತ್ತು. ಅವರು ತುಟಿಪಿಟಕ್ಕೆನ್ನದೆ ಹಣ ಕೊಟ್ಟರು. ಆಮೇಲೆ ಕೌಂಟರಿನ ಹುಡುಗಿ, "ಚೀಲ ಬೇಕಾ ಸರ್? ಹತ್ತು ರೂಪಾಯಿ ಆಗುತ್ತೆ" ಎಂದಳು. ಅಷ್ಟೇ ಸಾಕಾಯಿತು! "ಎರಡು ಸಾವಿರದ ವ್ಯಾಪಾರ ಮಾಡಿದೀನಿ, ಒಂದು ಚೀಲ ಪುಕ್ಕಟೆ ಕೊಡೋಕಾಗಲ್ವಾ? ನಿಮ್ಮ ಅಂಗಡಿ ಹೆಸರು ಬರೆದಿರೋ ಚೀಲ ಹೊತ್ಕೊಂಡು ಊರೆಲ್ಲ ತಿರುಗೋದಕ್ಕೆ ನಾನೇ ದುಡ್ಡು ಕೊಡ್ಬೇಕಾ?" ಎಂದು ಅವರು ದನಿ ಏರಿಸಿದರು. ಕೊನೆಗೆ ಬೇಳೆ, ಸೋಪು, ಎಣ್ಣೆ ಪ್ಯಾಕೆಟ್ಟುಗಳನ್ನು ಎದೆಗೆ ಅವಚಿಕೊಂಡೇ ಹೊರಟರು. ಬಾಗಿಲ ಬಳಿ ಸಾಸಿವೆ ಪೊಟ್ಟಣ ಕೆಳಗೆ ಬಿತ್ತು.

ನನಗೆ ನಗು ಬಂತು. ಆದರೆ ಮರುಕ್ಷಣವೇ ನನ್ನ ಸರದಿ. ನಾನೂ ಚೀಲ ಮರೆತು ಬಂದಿದ್ದೆ! ಹತ್ತು ರೂಪಾಯಿ ಉಳಿಸುವ ಹಟದಲ್ಲಿ ಅರ್ಧ ಸಾಮಾನನ್ನು ಹೆಲ್ಮೆಟ್ಟಿನೊಳಗೆ, ಇನ್ನರ್ಧವನ್ನು ಸ್ಕೂಟರಿನ ಡಿಕ್ಕಿಯೊಳಗೆ ತುರುಕಿಕೊಂಡು ಮನೆಗೆ ಬಂದೆ. ಕತೆಯೆಲ್ಲ ಕೇಳಿದ ನನ್ನ ಮನೆಯಾಕೆ, "ಅಲ್ಲಾರೀ, ಮಕ್ಕಳಿಗೆಲ್ಲ ಪರಿಸರದ ಪಾಠ ಹೇಳ್ತೀರಿ. ಪೆಟ್ರೋಲಿಗೆ ಬೆಲೆ ಏರಿದಾಗ ಬರದ ಸಿಟ್ಟು ಹತ್ತು ರೂಪಾಯಿ ಚೀಲಕ್ಕೆ ಯಾಕೆ ಬಂತು?" ಎಂದು ಕೇಳಿದಳು.

ನಿಜವೇ. ಯಾಕೆ ಬಂತು? ಚೀಲಕ್ಕೆ ಹಣ ಕೇಳಿದರೆ ನಮಗೇಕೆ ಅಷ್ಟು ಕೋಪ? ಆ ಕೋಪ ಎಷ್ಟು ದಿನ ಇರುತ್ತದೆ? ಅದರಿಂದ ಪರಿಸರಕ್ಕೆ ಏನಾದರೂ ಲಾಭವುಂಟೇ? ಮರುದಿನ ಇದೇ ಪ್ರಶ್ನೆಯನ್ನು ಒಂಬತ್ತನೇ ತರಗತಿಯಲ್ಲಿ ಮಕ್ಕಳ ಮುಂದಿಟ್ಟೆ.

ತರಗತಿಯಲ್ಲಿ ಚರ್ಚೆ

"ಚೀಲಕ್ಕೆ ದುಡ್ಡು ತೆಗೆದುಕೊಳ್ಳುವುದು ಸರಿಯೇ?" ಎಂದದ್ದೇ ತಡ, ತರಗತಿ ಎರಡಾಯಿತು. "ಸರಿ ಸಾರ್, ದುಡ್ಡು ಅಂದ್ರೆ ಎಲ್ಲರೂ ಮನೆಯಿಂದ ಚೀಲ ತರ್ತಾರೆ" ಎಂದನೊಬ್ಬ. "ದುಡ್ಡಿರೋರು ಕೊಟ್ಟು ತಗೋತಾರೆ, ತೊಂದರೆ ಆಗೋದು ಬಡವರಿಗೆ" ಎಂದಳು ಇನ್ನೊಬ್ಬಳು. "ಆ ದುಡ್ಡು ಅಂಗಡಿಯವನ ಜೇಬಿಗೆ ಹೋದ್ರೆ ಪರಿಸರಕ್ಕೇನು ಬಂತು?" ಎಂಬ ಪ್ರಶ್ನೆಯೂ ಬಂತು. 

ಕೊನೆಯ ಬೆಂಚಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ನಿಧಾನವಾಗಿ ಎದ್ದಳು. ಅವಳ ತಾಯಿ ಸಂತೆಯಲ್ಲಿ ತರಕಾರಿ ಮಾರುತ್ತಾರೆ. "ಸಾರ್, ನಮ್ಮಮ್ಮ ಕವರ್ ಇಲ್ಲ ಅಂದ್ರೆ ಗಿರಾಕಿ ಪಕ್ಕದವರ ಹತ್ರ ಹೋಗ್ತಾರೆ. ಕವರ್ ಇಟ್ಕೊಂಡ್ರೆ ದಂಡ ಹಾಕೋರು ಬರ್ತಾರೆ. ಅಮ್ಮ ಏನು ಮಾಡ್ಬೇಕು?" ಎಂದಳು. ತರಗತಿ ಒಂದು ಗಳಿಗೆ ಸುಮ್ಮನಾಯಿತು. ನನ್ನ ಬಳಿಯೂ ಸಿದ್ಧ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತ ಬೇರೆ ಬೇರೆ ದೇಶಗಳ ಅನುಭವವನ್ನು ಓದತೊಡಗಿದೆ. ಆ ಓದಿನ ಸಾರ ಈ ಲೇಖನ.

ಗಾಳಿಗಿಂತ ಸ್ವಲ್ಪ ಭಾರ, ಬೆಲೆಯೋ ಸೊನ್ನೆ

ಮೊದಲು ಈ ವಸ್ತುವಿನ ಪರಿಚಯ ಮಾಡಿಕೊಳ್ಳೋಣ. ಪಾಲಿಥೀನ್ ಹುಟ್ಟಿದ್ದು 1933ರಲ್ಲಿ, ಇಂಗ್ಲೆಂಡಿನ ನಾರ್ತ್‌ವಿಚ್ ಎಂಬಲ್ಲಿ, ಬೇರೇನೋ ಪ್ರಯೋಗ ಮಾಡುತ್ತಿದ್ದಾಗ ಆಕಸ್ಮಿಕವಾಗಿ. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್, ಕಡಿಮೆ ಒತ್ತಡದಲ್ಲಿಯೇ ಗಟ್ಟಿಯಾದ ಪಾಲಿಥೀನ್ ತಯಾರಿಸುವ ದಾರಿ ತೋರಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇಂದು ನಾವು ಬಳಸುವ, ಬನಿಯನ್ನಿನ ಆಕಾರದ ಎರಡು ಹಿಡಿಕೆಯ ಚೀಲವನ್ನು 1960ರ ದಶಕದಲ್ಲಿ ರೂಪಿಸಿದವರು ಸ್ವೀಡನ್ನಿನ ಇಂಜಿನಿಯರ್ ಸ್ಟೆನ್ ಗುಸ್ತಾಫ್ ಥುಲಿನ್.

ವಿಜ್ಞಾನದ ದೃಷ್ಟಿಯಿಂದ ಅದೊಂದು ಅದ್ಭುತ ವಸ್ತು. ಐದು ಗ್ರಾಂ ತೂಗುವ ಚೀಲ ಐದು ಕಿಲೋ ಸಾಮಾನು ಹೊರುತ್ತದೆ. ಅಂದರೆ ತನ್ನ ತೂಕದ ಸಾವಿರ ಪಟ್ಟು! ನೀರು ತಾಗದು, ಕೊಳೆಯದು. ಆದರೆ ಈ ಗುಣಗಳೇ ಮುಂದೆ ದೋಷಗಳಾದವು. ಕೊಳೆಯದ್ದರಿಂದ ಚರಂಡಿಯಲ್ಲಿ ಕಟ್ಟಿಕೊಳ್ಳುತ್ತದೆ, ದನದ ಹೊಟ್ಟೆಯಲ್ಲಿ ಗಂಟಾಗುತ್ತದೆ. ಹಗುರವಾದ್ದರಿಂದ ಗಾಳಿಗೆ ಹಾರಿ ಮುಳ್ಳುಬೇಲಿಯಲ್ಲಿ ನೇತಾಡುತ್ತದೆ. ಒಂದು ಕಿಲೋ ಆಗಬೇಕಾದರೆ ಇನ್ನೂರು ಚೀಲ ಹೆಕ್ಕಬೇಕು. ಹಾಗಾಗಿ ಚಿಂದಿ ಆಯುವವರೂ ಅದನ್ನು ಮುಟ್ಟುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಸಂಗತಿ ಎಂದರೆ ಅದು ಗಿರಾಕಿಗೆ ಪುಕ್ಕಟೆ. ನಿಜವಾಗಿ ಅದು ಪುಕ್ಕಟೆಯಲ್ಲ. ಅಂಗಡಿಯವನು ಅದರ ಖರ್ಚನ್ನು ಅಕ್ಕಿ ಬೇಳೆಯ ಬೆಲೆಯೊಳಗೆ ಸೇರಿಸಿರುತ್ತಾನೆ. ಚರಂಡಿ ತೆಗೆಸುವ ಖರ್ಚನ್ನು ಪುರಸಭೆ ನಮ್ಮ ಕಂದಾಯದಿಂದಲೇ ಭರಿಸುತ್ತದೆ. ಅಂದರೆ ಮನೆಯಿಂದ ಚೀಲ ತರುವ ಅಜ್ಜಿಯೂ, ದಿನಕ್ಕೆ ನಾಲ್ಕು ಕವರ್ ಎಸೆಯುವ ಯುವಕನೂ ಆ ಖರ್ಚನ್ನು ಹಂಚಿಕೊಳ್ಳುತ್ತಿದ್ದಾರೆ. ಕಣ್ಣಿಗೆ ಕಾಣದ ಬೆಲೆಗೆ ಯಾರೂ ಕೋಪಿಸಿಕೊಳ್ಳುವುದಿಲ್ಲ. ಬೆಲೆ ಕಂಡಾಗ ಮಾತ್ರ ಕೋಪ!

ಐರ್ಲೆಂಡ್ ಮಾಡಿ ತೋರಿಸಿದ್ದು

ಜನಾಭಿಪ್ರಾಯದ ವಿಷಯದಲ್ಲಿ ಎಲ್ಲರೂ ಉದಾಹರಿಸುವ ದೇಶ ಐರ್ಲೆಂಡ್. ಸುಮಾರು ನಲವತ್ತು ಲಕ್ಷ ಜನಸಂಖ್ಯೆಯಿದ್ದ ಆ ಪುಟ್ಟ ದೇಶದಲ್ಲಿ ವರ್ಷಕ್ಕೆ ಸುಮಾರು 120 ಕೋಟಿ ಚೀಲಗಳು ಪುಕ್ಕಟೆಯಾಗಿ ಹಂಚಿಹೋಗುತ್ತಿದ್ದವು. ತಲೆಗೆ ವರ್ಷಕ್ಕೆ 328 ಎಂದು ಅಂದಾಜು. ಹಸಿರು ಬೇಲಿಗಳಲ್ಲೆಲ್ಲ ಚೀಲಗಳು ನೇತಾಡುತ್ತಿದ್ದವು.

1999ರಲ್ಲಿ ಅಲ್ಲಿ ಸಮೀಕ್ಷೆಯೊಂದು ನಡೆಯಿತು. ಚೀಲಕ್ಕೆ ಎಷ್ಟು ಕೊಡಲು ಸಿದ್ಧರಿದ್ದೀರಿ ಎಂದು ಜನರನ್ನು ಕೇಳಿದರು. ನೂರಕ್ಕೆ ನಲವತ್ತು ಮಂದಿ ಏನನ್ನೂ ಕೊಡುವುದಿಲ್ಲ ಎಂದರು. ಉಳಿದವರನ್ನೂ ಸೇರಿಸಿ ಸರಾಸರಿ ತೆಗೆದರೆ ಬಂದದ್ದು ಸುಮಾರು 2.4 ಸೆಂಟ್. ಈ ಅಭಿಪ್ರಾಯವನ್ನೇ ಪಾಲಿಸುವುದಾಗಿದ್ದರೆ ಸರ್ಕಾರ ಎರಡು ಸೆಂಟಿಗೆ ನಿಲ್ಲಬೇಕಿತ್ತು. ಆದರೆ ಆಗ ಪರಿಸರ ಸಚಿವರಾಗಿದ್ದ ನೋಯೆಲ್ ಡೆಂಪ್ಸಿಯವರ ಯೋಜನೆಯಂತೆ 2002ರ ಮಾರ್ಚ್ 4ರಿಂದ ಪ್ರತಿ ಚೀಲಕ್ಕೆ 15 ಸೆಂಟ್ ಶುಲ್ಕ ಜಾರಿಗೆ ಬಂತು. ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು ಆರು ರೂಪಾಯಿ. ಜನ ಹೇಳಿದ್ದರ ಆರು ಪಟ್ಟಿಗೂ ಹೆಚ್ಚು!

ಪರಿಣಾಮವೇನು? ದಂಗೆಯೇಳುತ್ತಾರೆ ಎಂದುಕೊಂಡವರಿಗೆ ಆಶ್ಚರ್ಯ ಕಾದಿತ್ತು. ತಲೆಗೆ 328 ಇದ್ದ ಬಳಕೆ 21ಕ್ಕೆ ಇಳಿಯಿತು. ಬೀದಿಯ ಕಸದಲ್ಲಿ ನೂರಕ್ಕೆ ಐದರಷ್ಟಿದ್ದ ಚೀಲಗಳ ಪಾಲು ಮರುವರ್ಷಗಳಲ್ಲಿ ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆಯಾಯಿತು. ಡಬ್ಲಿನ್ನಿನ ಅರ್ಥಶಾಸ್ತ್ರಜ್ಞ ಫ್ರಾಂಕ್ ಕಾನ್ವೆರಿ ಮತ್ತು ಅವರ ಸಂಗಡಿಗರು 2007ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲಿಯೇ, ಇದು ಯೂರೋಪಿನಲ್ಲೇ ಅತ್ಯಂತ ಜನಪ್ರಿಯ ತೆರಿಗೆಯೇ ಎಂದು ಕೇಳಿದ್ದಾರೆ. ಈಗ ಈ ತೆರಿಗೆಯನ್ನು ತೆಗೆದುಹಾಕಲು ಹೊರಟರೇ ರಾಜಕೀಯವಾಗಿ ಪೆಟ್ಟು ಬಿದ್ದೀತು ಎನ್ನುವ ಮಟ್ಟಕ್ಕೆ ಜನ ಅದನ್ನು ಒಪ್ಪಿಕೊಂಡಿದ್ದರು. ಮುಂದೆ ಬಳಕೆ ಮೆಲ್ಲನೆ ಏರತೊಡಗಿದಾಗ, 2007ರ ಜುಲೈನಲ್ಲಿ ಶುಲ್ಕವನ್ನು 22 ಸೆಂಟಿಗೆ ಏರಿಸಿದರು.

ಜನ ಏಕೆ ಒಪ್ಪಿದರು? ಕಾರಣಗಳು ಸರಳ. ಒಂದು, ಎಲ್ಲ ಅಂಗಡಿಗಳಲ್ಲೂ ಒಂದೇ ದಿನ, ಒಂದೇ ದರ. ಎರಡು, ಆ ಹಣ ಅಂಗಡಿಯವನಿಗೆ ಹೋಗದೆ ಪರಿಸರ ನಿಧಿಗೆ ಹೋಗುತ್ತಿತ್ತು. ಮೂರು, ಹಸಿ ಮೀನು, ಮಾಂಸ, ಬಿಡಿ ಹಣ್ಣು ತರಕಾರಿ ಹಾಕುವ ಸಣ್ಣ ಚೀಲಗಳಿಗೆ ವಿನಾಯಿತಿ ಇತ್ತು. ನಾಲ್ಕು, ಬೇಲಿಯಲ್ಲಿ ನೇತಾಡುತ್ತಿದ್ದದ್ದು ಮಾಯವಾದದ್ದು ಎಲ್ಲರ ಕಣ್ಣಿಗೂ ಕಂಡಿತು. ಬಡವರಿಗೆ ಹೊರೆಯಾಗುತ್ತದೆಂಬ ಮಾತಿಗೆ ನಮ್ಮ ಮಕ್ಕಳೇ ಕಪ್ಪುಹಲಗೆಯ ಮೇಲೆ ಉತ್ತರ ಕಂಡುಕೊಂಡರು. ಹಳೆಯ ಅಭ್ಯಾಸದಲ್ಲೇ ಉಳಿದಿದ್ದರೆ ತಲೆಗೆ 328ನ್ನು 15ರಿಂದ ಗುಣಿಸಿ ವರ್ಷಕ್ಕೆ 49 ಯೂರೋ ತೆರಬೇಕಿತ್ತು. ಅಭ್ಯಾಸ ಬದಲಿಸಿದ್ದರಿಂದ ತೆತ್ತದ್ದು ಸುಮಾರು 3 ಯೂರೋ. ಚೀಲವನ್ನು ಮನೆಯಿಂದ ತಂದವನಿಗೆ ಸೊನ್ನೆ. ಬಡವನಾದರೂ, ಶ್ರೀಮಂತನಾದರೂ ತಪ್ಪಿಸಿಕೊಳ್ಳಬಹುದಾದ ತೆರಿಗೆ ಇದು.

ಬಹುಮಾನವೋ, ದಂಡವೋ?

"ಚೀಲ ತಂದವರಿಗೆ ರಿಯಾಯಿತಿ ಕೊಡಲಿ, ತರದವರಿಗೆ ಯಾಕೆ ಶುಲ್ಕ?" ಎಂದು ಕೇಳುವವರಿದ್ದಾರೆ. ಕೇಳಲು ಸೊಗಸಾದ ಮಾತು. ಅಮೆರಿಕದ ರಾಜಧಾನಿ ವಾಷಿಂಗ್ಟನ್ ಸುತ್ತಿನ ಅಂಗಡಿಗಳಲ್ಲಿ ತತಿಯಾನಾ ಹೊಮೊನಾಫ್ ಎಂಬ ಅರ್ಥಶಾಸ್ತ್ರಜ್ಞೆ ಇದನ್ನೇ ಅಧ್ಯಯನ ಮಾಡಿದರು. ಕೆಲವು ಅಂಗಡಿಗಳು ಸ್ವಂತ ಚೀಲ ತಂದವರಿಗೆ ಐದು ಸೆಂಟ್ ಬಿಡುತ್ತಿದ್ದವು. ಅದರಿಂದ ಹೆಚ್ಚುಕಡಿಮೆ ಏನೂ ಬದಲಾಗಲಿಲ್ಲ. ಅದೇ ಐದು ಸೆಂಟನ್ನು ತೆರಿಗೆಯಾಗಿ ಕೇಳಿದಾಗ ಅಂಗಡಿಯ ಚೀಲ ಬಳಸುವವರ ಪ್ರಮಾಣ ನೂರಕ್ಕೆ ಎಂಬತ್ತರ ಆಸುಪಾಸಿನಿಂದ ನಲವತ್ತರ ಆಸುಪಾಸಿಗೆ ಇಳಿಯಿತು.

ಮೊತ್ತ ಒಂದೇ, ಫಲ ಬೇರೆ. ಬರುವ ಐದು ರೂಪಾಯಿಯ ಸಂತೋಷಕ್ಕಿಂತ ಕೈಯಿಂದ ಹೋಗುವ ಐದು ರೂಪಾಯಿಯ ಸಂಕಟ ದೊಡ್ಡದು. ಇದು ಮನುಷ್ಯನ ಸ್ವಭಾವ. ನನ್ನ ಮನೆಯಾಕೆಯ ಪ್ರಶ್ನೆಗೂ ಇಲ್ಲಿ ಉತ್ತರ ಸಿಕ್ಕಿತು. ನನಗೆ ಸಿಟ್ಟು ಬಂದದ್ದು ಹತ್ತು ರೂಪಾಯಿಯ ಮೊತ್ತಕ್ಕಲ್ಲ, ನಿನ್ನೆಯವರೆಗೆ ಪುಕ್ಕಟೆಯಾಗಿದ್ದದ್ದು ಕೈತಪ್ಪಿತಲ್ಲ ಎಂದು. ಆ ಸಿಟ್ಟೇ ಮರುದಿನ ಚೀಲ ನೆನಪಿಸುವ ಗಂಟೆಯೂ ಆಗುತ್ತದೆ.

ಅಭಿಪ್ರಾಯ ಬದಲಾಗುವ ಬಗೆ

ಬ್ರಿಟನ್ನಿನಲ್ಲಿ ಈ ಶುಲ್ಕ ಒಂದೊಂದೇ ಪ್ರಾಂತ್ಯದಲ್ಲಿ ಬಂತು. ವೇಲ್ಸಿನಲ್ಲಿ 2011, ಉತ್ತರ ಐರ್ಲೆಂಡಿನಲ್ಲಿ 2013, ಸ್ಕಾಟ್ಲೆಂಡಿನಲ್ಲಿ 2014, ಕೊನೆಯದಾಗಿ 2015ರ ಅಕ್ಟೋಬರ್ 5ರಂದು ಇಂಗ್ಲೆಂಡಿನಲ್ಲಿ. ದರ ಐದು ಪೆನ್ಸ್. 2014ರಲ್ಲಿ ಇಂಗ್ಲೆಂಡಿನ ಏಳು ದೊಡ್ಡ ಅಂಗಡಿ ಸಮೂಹಗಳು 760 ಕೋಟಿ ಚೀಲ ಹಂಚಿದ್ದವು, ತಲೆಗೆ ಸುಮಾರು 140. ಎರಡು ವರ್ಷಗಳಲ್ಲಿ ಅದು ತಲೆಗೆ 25ಕ್ಕೆ ಬಂತು. 2021ರ ಮೇ ತಿಂಗಳಿನಿಂದ ದರ ಹತ್ತು ಪೆನ್ಸಾಯಿತು, ಸಣ್ಣ ಅಂಗಡಿಗಳಿಗೂ ಅನ್ವಯವಾಯಿತು.

ಕಾರ್ಡಿಫ್ ವಿಶ್ವವಿದ್ಯಾಲಯದ ವೌಟರ್ ಪೂರ್ಟಿಂಗಾ ಮತ್ತು ಸಂಗಡಿಗರು ಶುಲ್ಕ ಬರುವ ಮೊದಲು ಮತ್ತು ಬಂದ ಮೇಲೆ ಜನರ ಅಭಿಪ್ರಾಯ ಕೇಳಿದರು. ಬೆಂಬಲ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹೆಂಗಸರು ಗಂಡಸರು, ಬಡವರು ಬಲ್ಲಿದರು, ಹಿರಿಯರು ಕಿರಿಯರು ಎಂಬ ಭೇದವಿಲ್ಲದೆ ಅಭ್ಯಾಸ ಬದಲಾಯಿತು. ಅಷ್ಟೇ ಅಲ್ಲ, ಚೀಲದ ಶುಲ್ಕವನ್ನು ಮೆಚ್ಚಿಕೊಂಡವರು ಪ್ಲಾಸ್ಟಿಕ್ ಕಸ ತಗ್ಗಿಸುವ ಬೇರೆ ಶುಲ್ಕಗಳನ್ನೂ ಒಪ್ಪತೊಡಗಿದರು. ಮೊದಲು ಮನಸ್ಸು ಬದಲಾಗಿ ಆಮೇಲೆ ನಡತೆ ಬದಲಾಗುತ್ತದೆ ಎಂದು ನಾವು ಮೇಷ್ಟರುಗಳು ತಿಳಿದಿದ್ದೇವೆ. ಇಲ್ಲಿ ನಡತೆ ಮೊದಲು ಬದಲಾಯಿತು, ಮನಸ್ಸು ಹಿಂದಿನಿಂದ ಬಂತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಂತೂ ಈ ವಿಷಯ ಮತಪೆಟ್ಟಿಗೆಯವರೆಗೆ ಹೋಯಿತು. ತೆಳು ಚೀಲವನ್ನು ನಿಷೇಧಿಸಿ, ಕಾಗದದ ಮತ್ತು ದಪ್ಪ ಚೀಲಗಳಿಗೆ ಕನಿಷ್ಠ ಹತ್ತು ಸೆಂಟ್ ವಿಧಿಸುವ ಕಾನೂನು ಬೇಕೇ ಬೇಡವೇ ಎಂದು 2016ರ ನವೆಂಬರಿನಲ್ಲಿ ಮತದಾರರನ್ನೇ ಕೇಳಲಾಯಿತು. ನೂರಕ್ಕೆ ಸುಮಾರು 53 ಮಂದಿ ಬೇಕೆಂದರು. ಆ ವೇಳೆಗಾಗಲೇ ಅಲ್ಲಿನ ಎಷ್ಟೋ ಊರುಗಳಲ್ಲಿ ಇಂಥ ನಿಯಮ ಜಾರಿಯಲ್ಲಿತ್ತು ಎಂಬುದನ್ನು ಮರೆಯಬಾರದು.

ಎಡವಿದವರ ಪಾಠ

ಹಾಗೆಂದು ಎಲ್ಲವೂ ಸುಗಮವೆಂದು ಭಾವಿಸಬೇಡಿ. ದಕ್ಷಿಣ ಆಫ್ರಿಕದಲ್ಲಿ 2003ರ ಮೇ ತಿಂಗಳಿನಲ್ಲಿ ಚೀಲಕ್ಕೆ ಬೆಲೆ ಕಟ್ಟಿದಾಗ ಬಳಕೆ ಥಟ್ಟನೆ ಕುಸಿಯಿತು. ಆದರೆ ಕೆಲವೇ ತಿಂಗಳಲ್ಲಿ ಬೆಲೆಯನ್ನು ಇಳಿಸಲಾಯಿತು. ಜನ ಅದಕ್ಕೆ ಒಗ್ಗಿಕೊಂಡರು, ಬಳಕೆ ಮತ್ತೆ ಏರಿತು. ಚುಚ್ಚದ ಬೆಲೆ ಬೆಲೆಯೇ ಅಲ್ಲ.

ಇಂಗ್ಲೆಂಡಿನಲ್ಲಿ ಇನ್ನೊಂದು ಬಗೆಯ ಎಡವಟ್ಟು. 'ಬಹುಕಾಲ ಬಾಳುವ ಚೀಲ' ಎಂದು ಅಂಗಡಿಗಳು ದಪ್ಪ ಪ್ಲಾಸ್ಟಿಕ್ ಚೀಲ ಮಾರತೊಡಗಿದವು. ಜನ ಅದನ್ನೂ ಒಮ್ಮೆ ಬಳಸಿ ಬಿಸಾಡಿದರು. 2019ರ ವರದಿಯೊಂದರ ಪ್ರಕಾರ ವರ್ಷಕ್ಕೆ ಮನೆಯೊಂದಕ್ಕೆ 50ಕ್ಕೂ ಹೆಚ್ಚು ಇಂಥ ಚೀಲಗಳು ಮಾರಾಟವಾಗಿದ್ದವು. ಕ್ಯಾಲಿಫೋರ್ನಿಯಾದಲ್ಲಿಯೂ ಇದೇ ಗತಿ. ಕೊನೆಗೆ ದಪ್ಪ ಪ್ಲಾಸ್ಟಿಕ್ ಚೀಲವನ್ನೂ 2026ರ ಜನವರಿಯಿಂದ ನಿಷೇಧಿಸುವ ಕಾನೂನನ್ನು 2024ರಲ್ಲಿ ತರಬೇಕಾಯಿತು.

ನಮ್ಮಲ್ಲಿ ಆದದ್ದೇನು?

ಚೀಲಕ್ಕೆ ಬೆಲೆ ಕಟ್ಟುವ ಯತ್ನ ಭಾರತದಲ್ಲೂ ನಡೆದಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 2011ರ ಕೇಂದ್ರ ನಿಯಮಗಳು ಅಂಗಡಿಯವರು ಪ್ಲಾಸ್ಟಿಕ್ ಚೀಲವನ್ನು ಪುಕ್ಕಟೆ ಕೊಡಕೂಡದು ಎಂದವು. ಕನಿಷ್ಠ ಬೆಲೆ ಗೊತ್ತುಮಾಡುವ ಅಧಿಕಾರವನ್ನು ನಗರಸಭೆಗಳಿಗೆ ಕೊಟ್ಟವು. 2016ರ ನಿಯಮಗಳಲ್ಲಿ ಚೀಲ ಕೊಡಬಯಸುವ ಅಂಗಡಿ ವರ್ಷಕ್ಕೆ 48 ಸಾವಿರ ರೂಪಾಯಿ ಕಟ್ಟಿ ನೋಂದಾಯಿಸಿಕೊಳ್ಳಬೇಕೆಂದಿತ್ತು. 2018ರಲ್ಲಿ ಅದನ್ನು ಕೈಬಿಟ್ಟರು. ಚೀಲದ ದಪ್ಪವನ್ನು ಮಾತ್ರ ಹಂತಹಂತವಾಗಿ ಏರಿಸುತ್ತ ಬಂದರು. 1999ರಲ್ಲಿ 20 ಮೈಕ್ರಾನ್, 2011ರಲ್ಲಿ 40, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ದಪ್ಪ ಹೆಚ್ಚಿದಷ್ಟೂ ಚೀಲ ದುಬಾರಿ, ಪುಕ್ಕಟೆ ಕೊಡುವುದು ಕಷ್ಟ, ಹೆಕ್ಕಿ ಮಾರಿದರೆ ನಾಲ್ಕು ಕಾಸು. ಹೀಗೆ ದಪ್ಪವೆಂಬುದು ಬೆಲೆಯ ಇನ್ನೊಂದು ರೂಪ.

ನಮ್ಮ ಕರ್ನಾಟಕ ಇನ್ನೂ ಮುಂದೆ ಹೋಗಿ, 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗನ್ನು ದಪ್ಪ ಎಷ್ಟೇ ಇರಲಿ ನಿಷೇಧಿಸಿತು. ಆದರೆ ಸಂಜೆ ಸಂತೆಗೆ ಹೋಗಿ ನೋಡಿ! ಬೆಲೆಯ ನಿಯಮವನ್ನು ಅಂಗಡಿಯ ಬಿಲ್ಲೇ ಜಾರಿ ಮಾಡುತ್ತದೆ. ನಿಷೇಧ ಜಾರಿಯಾಗಲು ಪ್ರತಿ ಗಾಡಿಯ ಮುಂದೂ ಅಧಿಕಾರಿ ನಿಲ್ಲಬೇಕು. ಐರ್ಲೆಂಡ್ ಶುಲ್ಕ ತಂದ 2002ರಲ್ಲೇ ಬಾಂಗ್ಲಾದೇಶ ತೆಳು ಚೀಲವನ್ನು ಪೂರ್ತಿ ನಿಷೇಧಿಸಿತು. ದೇಶಕ್ಕೆ ದೇಶವೇ ನಿಷೇಧಿಸಿದ್ದು ಜಗತ್ತಿನಲ್ಲೇ ಮೊದಲು. ಆದರೂ ಅಲ್ಲಿನ ಮಾರುಕಟ್ಟೆಗಳಿಂದ ಚೀಲ ಮಾಯವಾಗಲಿಲ್ಲ.

ಅಂಗಡಿಯವರು ಚೀಲಕ್ಕೆ ಹಣ ಕೇಳುವುದರ ಬಗ್ಗೆ ನಮ್ಮ ಜನರ ಅಸಮಾಧಾನ ಗ್ರಾಹಕ ನ್ಯಾಯಾಲಯಗಳವರೆಗೂ ಹೋಗಿದೆ. ಚಂಡೀಗಢದಲ್ಲಿ 2019ರಲ್ಲಿ ಮೂರು ರೂಪಾಯಿಯ ಕಾಗದದ ಚೀಲಕ್ಕಾಗಿ ಗ್ರಾಹಕರೊಬ್ಬರು ಹೋರಾಡಿ ಗೆದ್ದರು. 2020ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು, ಸಾಮಾನು ಆರಿಸುವ ಮೊದಲೇ ತಿಳಿಸದೆ ಬಿಲ್ಲಿನ ಹೊತ್ತಿಗೆ ಚೀಲದ ಬೆಲೆ ಸೇರಿಸುವುದು ನ್ಯಾಯವಲ್ಲದ ವ್ಯಾಪಾರ ಎಂದಿತು. ಗಮನಿಸಿ, ಜನರ ತಕರಾರು ಇದ್ದದ್ದು ಪರಿಸರದ ಮೇಲಲ್ಲ. ಮೊದಲೇ ಹೇಳಲಿಲ್ಲವೆಂದು, ಜಾಹೀರಾತು ಅವರದು ದುಡ್ಡು ನಮ್ಮದೆಂದು. ಐರ್ಲೆಂಡಿನಲ್ಲಿ ಹಣ ಪರಿಸರ ನಿಧಿಗೆ ಹೋಯಿತು, ಜನ ಒಪ್ಪಿದರು. ನಮ್ಮಲ್ಲಿ ಅದು ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ, ಜನ ಸಿಡಿದರು. ತರಗತಿಯಲ್ಲಿ ನಮ್ಮ ಹುಡುಗ ಕೇಳಿದ ಪ್ರಶ್ನೆಯೇ ಇಡೀ ಸಮಸ್ಯೆಯ ತಿರುಳು.

ಬಟ್ಟೆ ಚೀಲದ ಲೆಕ್ಕ

ಪೋಷಕರಿಗೆ ಎರಡು ಎಚ್ಚರಿಕೆಯ ಮಾತು. ಅಂಗಡಿಗಳಲ್ಲಿ ಸಿಗುವ, ಬಟ್ಟೆಯಂತೆ ಕಾಣುವ, ಬಣ್ಣಬಣ್ಣದ ತೆಳು ಚೀಲಗಳಲ್ಲಿ ಬಹುಪಾಲು ಬಟ್ಟೆಯೇ ಅಲ್ಲ. ಅವು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಬೆಳಕಿಗೆ ಹಿಡಿದು ನೋಡಿದರೆ ಹಾಸುಹೊಕ್ಕಿನ ನೇಯ್ಗೆ ಕಾಣುವುದಿಲ್ಲ. ಬಿಸಿಲಲ್ಲಿ ಬಹಳ ದಿನ ಬಿದ್ದರೆ ಪುಡಿಪುಡಿಯಾಗುತ್ತವೆ.

ಎರಡನೆಯದು, ಹತ್ತಿ ಚೀಲವೂ ದೋಷರಹಿತವಲ್ಲ. ಹತ್ತಿ ಬೆಳೆಯಲು ನೀರು, ಗೊಬ್ಬರ, ನೇಯಲು ವಿದ್ಯುತ್ತು ಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಭೂಮಿಯ ಬಿಸಿಯೇರಿಕೆ ಒಂದನ್ನೇ ಪರಿಗಣಿಸಿದರೆ, ಒಂದೇ ಸಲ ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಹತ್ತಿ ಚೀಲವನ್ನು 131 ಬಾರಿ, ಕಾಗದದ ಚೀಲವನ್ನು 3 ಬಾರಿ ಬಳಸಬೇಕು. ವಾರಕ್ಕೆ ಎರಡು ಬಾರಿ ಒಯ್ದರೆ ಹತ್ತಿ ಚೀಲದ ಋಣ ತೀರಲು ಒಂದೂಕಾಲು ವರ್ಷ! ಚರಂಡಿ ಕಟ್ಟುವುದು, ದನ ತಿನ್ನುವುದು ಈ ಲೆಕ್ಕದಲ್ಲಿಲ್ಲ ನಿಜ. ಆದರೂ ಪಾಠ ಸ್ಪಷ್ಟವಾಗಿದೆ. ಪ್ರತಿ ಸಮಾರಂಭದಲ್ಲೂ ಹೊಸ ಬಟ್ಟೆ ಚೀಲ ಹಂಚುವುದು ಪರಿಸರ ಸೇವೆಯಲ್ಲ. ನಮ್ಮ ತಂದೆಯ ಕಾಲದಲ್ಲಿ ಹಳೆಯ ಪ್ಯಾಂಟಿನ ಬಟ್ಟೆಯಿಂದ ಹೊಲಿಸಿದ ಚೀಲ ಹತ್ತು ವರ್ಷ ಬಾಳುತ್ತಿತ್ತು. ಅದೇ ನಿಜವಾದ ಬಹುಕಾಲದ ಚೀಲ.

ಆ ಹುಡುಗಿಗೆ ಉತ್ತರ

ಈಗ ಕೊನೆಯ ಬೆಂಚಿನ ಪ್ರಶ್ನೆಗೆ ಬರೋಣ. ತರಕಾರಿ ಮಾರುವ ತಾಯಿ ಒಬ್ಬರೇ ಕವರ್ ನಿಲ್ಲಿಸಿದರೆ ಗಿರಾಕಿ ಕಳೆದುಕೊಳ್ಳುತ್ತಾರೆ. ಇಡೀ ಸಂತೆ ಒಂದೇ ದಿನ ನಿಲ್ಲಿಸಿದರೆ ಯಾರೂ ಗಿರಾಕಿ ಕಳೆದುಕೊಳ್ಳುವುದಿಲ್ಲ. ಐರ್ಲೆಂಡಿನ ಯಶಸ್ಸಿನ ಗುಟ್ಟು ಇದೇ. ಬಿಲ್ಲಿಲ್ಲದ ನಮ್ಮ ಸಂತೆಗಳಲ್ಲಿ ತೆರಿಗೆ ಸಂಗ್ರಹಿಸುವುದು ಆಗದ ಮಾತು. ಆದರೆ ಸಂತೆಯ ಬಾಗಿಲಲ್ಲಿಯೇ ಅಗ್ಗದ ಬಟ್ಟೆ ಚೀಲ ಸಿಗುವಂತೆ ಮಾಡಬಹುದು. ತಮಿಳುನಾಡು 2021ರ ಡಿಸೆಂಬರಿನಲ್ಲಿ ತನ್ನ ಹಳೆಯ ಹಳದಿ ಬಟ್ಟೆ ಚೀಲವನ್ನು ಮರಳಿ ತರುವ 'ಮೀಂಡುಂ ಮಂಜಪ್ಪೈ' ಯೋಜನೆ ಆರಂಭಿಸಿತು. ಚೆನ್ನೈನ ಕೊಯಂಬೇಡು ಮಾರುಕಟ್ಟೆಯಲ್ಲಿ ಹತ್ತು ರೂಪಾಯಿ ಹಾಕಿದರೆ ಚೀಲ ಕೊಡುವ ಯಂತ್ರವನ್ನೇ ಇಟ್ಟರು. ಹಿಂದೆ ಸೋಡಾ ಬಾಟಲಿಗೆ ಇಟ್ಟಂತೆ ಚೀಲಕ್ಕೂ ಠೇವಣಿ ಇಟ್ಟುಕೊಂಡು, ಮರಳಿಸಿದಾಗ ಹಣ ಹಿಂತಿರುಗಿಸುವುದೂ ಒಂದು ದಾರಿ. ದಂಡದ ರಸೀದಿ ಹಿಡಿದು ಬರುವ ಪುರಸಭೆ, ಅದಕ್ಕೂ ಮೊದಲು ಇಂಥ ಚೀಲ ಹಿಡಿದು ಬಂದರೆ ಆ ತಾಯಿಗೆ ಅನ್ಯಾಯವಾಗುವುದಿಲ್ಲ.

ಇದೆಲ್ಲ ಸರ್ಕಾರದ ಕೆಲಸವಾಯಿತು. ನಮ್ಮ ಕೆಲಸ? ಮಕ್ಕಳಿಗೆ ನಾನು ಒಂದು ತಿಂಗಳ ಮನೆಗೆಲಸ ಕೊಟ್ಟಿದ್ದೇನೆ. ಮನೆಗೆ ಬರುವ ಪ್ರತಿ ಕವರನ್ನೂ ನೋಟ್‌ಪುಸ್ತಕದಲ್ಲಿ ಬರೆಯಬೇಕು. ಎಲ್ಲಿಂದ ಬಂತು, ಯಾರು ತಂದರು, ಎಷ್ಟು ಬಾರಿ ಬಳಸಿದಿರಿ, ಕೊನೆಗೆ ಎಲ್ಲಿ ಹೋಯಿತು. ತಂದೆತಾಯಿಗಳು ವಾರಕ್ಕೊಮ್ಮೆ ಸಹಿ ಹಾಕಬೇಕು. ಓದುಗರ ಮನೆಯ ಮಕ್ಕಳೂ ಇದನ್ನು ಮಾಡಬಹುದು. ಸಹಿ ಹಾಕುವಾಗ ಪೋಷಕರಿಗೆ ಕೊಂಚ ಮುಜುಗರವಾದರೆ ಒಳ್ಳೆಯದೇ. ಅದೂ ಒಂದು ಬಗೆಯ ಬೆಲೆಯೇ ಅಲ್ಲವೇ?

ನಾನೂ ಒಂದು ಪುಸ್ತಕ ಇಟ್ಟಿದ್ದೇನೆ. ಸ್ಕೂಟರಿನ ಕೀ ನೇತುಹಾಕುವ ಮೊಳೆಗೇ ಈಗ ಚೀಲವನ್ನೂ ಸಿಕ್ಕಿಸಿದ್ದೇನೆ. ಅದನ್ನು ತೆಗೆಯದೆ ಕೀ ಸಿಗುವುದಿಲ್ಲ. ಕಳೆದ ವಾರ ಅದೇ ಅಂಗಡಿಗೆ ಹೋಗಿದ್ದೆ. ಕೌಂಟರಿನ ಹುಡುಗಿ, "ಚೀಲ ಬೇಕಾ ಸರ್?" ಎಂದಳು. "ಇದೆಯಮ್ಮಾ" ಎಂದು ತೆಗೆದು ತೋರಿಸಿದೆ.